ನಳದ ಕೆಳಗಿನ ಚಿತ್ರ

ಧಾರವಾಡದಲ್ಲಿ ನೀಲಗಂಗಾ ಎಂಬ ಗಣಿತದ ಟೀಚರ್ ಇದ್ದರು. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವರು. ನಿವೃತ್ತಿಯಾದ ಮೇಲೆ ಜಲವರ್ಣ ಕಲಿಯಲು ಹೊರಟರು. ಒಳ್ಳೆಯದೇ ಬಿಡಿ. ಆದರೆ ಕೆಂಪು ಪೆನ್ನಿನ ಬುದ್ಧಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಎಂಬತ್ತೆರಡು ವರ್ಷದ ತಾಯಿ ಶಿವಲಿಂಗವ್ವ ಮಗಳನ್ನು ಕೇಳಿದ್ದು ಒಂದೇ ಒಂದು.

“ನಂದೊಂದು ಚಿತ್ರ ತಗಿ, ನೀಲಾ. ಕಣ್ಣು ಪೂರಾ ಮಂಜ ಆಗೂಕಿಂತ ಮೊದಲ ನೋಡತೇನಿ.”

ಪಾಪ, ಅವ್ವ ದಿನಾ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಮಗಳು ಪೆನ್ಸಿಲ್‌ನಲ್ಲಿ ಮೂಗು ಬರೆಯುವರು, ರಬ್ಬರಿನಿಂದ ಅಳಿಸುವರು. ಬಣ್ಣದ ಹೊತ್ತಿಗೆ ಕೈ ನಡುಗುವುದು. ಧೈರ್ಯ ಮಾಡಿ ಹಚ್ಚಿದರೂ ಒದ್ದೆ ಬಣ್ಣವನ್ನೇ ತಿದ್ದಿ ತಿದ್ದಿ ಕೆಸರು ಮಾಡುವರು. ನಾಲ್ಕು ತಿಂಗಳಾದರೂ ಅವ್ವನ ಮುಖ ಹಾಳೆಗೆ ಇಳಿಯಲಿಲ್ಲ. ಅವ್ವನ ಕಣ್ಣು ಮಾತ್ರ ದಿನದಿನಕ್ಕೆ ಮಬ್ಬಾಗುತ್ತಿತ್ತು. ನೀಲಗಂಗಾ ಒಬ್ಬರೇ ಕೂತು ಅತ್ತರು.

ಬಣ್ಣ ಕಲಿಸುವ ಬಡಿಗೇರ ಮಾಸ್ತರರು ಒಂದು ಬೆಳಿಗ್ಗೆ ಮನೆಗೇ ಬಂದರು. ನೀಲಗಂಗಾ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು. ಚುಕ್ಕಿ ಇಲ್ಲ, ಅಳತೆ ಇಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುತ್ತಲೇ ಬಳ್ಳಿ ಎಳೆದು, ಹೂವು ಬಿಡಿಸಿ, ಎರಡೇ ನಿಮಿಷಕ್ಕೆ ಎದ್ದರು. ಒಂದು ಎಸಳು ಸೊಟ್ಟಗಿತ್ತು. ಅದನ್ನು ತಿರುಗಿಯೂ ನೋಡಲಿಲ್ಲ.

ಇಲ್ಲಿ ಕೈ ಯಾಕೆ ನಡುಗಲಿಲ್ಲ ಎಂದು ಮಾಸ್ತರರು ಕೇಳಿದರು.

“ಇದಕ್ಕೇನ್ರೀ ಹೆದರೂದು, ನಾಳೆ ಹೆಂಗೂ ನೀರು ಹಾಕಿ ತೊಳಿಯೂದ,” ಎಂದರು ನೀಲಗಂಗಾ.

“ಹಂಗಾದ್ರ ಹಾಳೀನೂ ತೊಳೀರಿ, ಅಕ್ಕೋರ.”

ಮಾಸ್ತರರು ದಪ್ಪನೆಯ ಹಾಳೆ ಒಂದನ್ನೇ ಕೊಟ್ಟರು. ಅದೇ ಹಾಳೆಯ ಮೇಲೆ ದಿನಕ್ಕೊಂದು ಚಿತ್ರ. ಪೆನ್ಸಿಲ್ ಮುಟ್ಟುವಂತಿಲ್ಲ, ರಬ್ಬರ್ ಕೇಳುವಂತಿಲ್ಲ. ಚಂದ ಬರಲಿ, ಕೆಡಲಿ, ಮುಗಿದ ಮೇಲೆ ನಳದ ಕೆಳಗೆ ಹಿಡಿದು ತೊಳೆಯಲೇಬೇಕು. ಅದೇ ಅವರ ಕರಾರು.

ಮೊದಲ ದಿನ ಬಣ್ಣ ಹರಿದು ಹೋಗುವಾಗ ಟೀಚರ್ ಮುಖ ಆಚೆ ತಿರುಗಿಸಿಕೊಂಡರು. ಮೂರನೆಯ ದಿನ ನಗು ಬಂತು. ಉಳಿಯದ ಚಿತ್ರಕ್ಕೆ ಯಾರು ಹೆದರುತ್ತಾರೆ ಹೇಳಿ? ಸಣ್ಣ ಕುಂಚ ಮೂಲೆಗೆ ಹೋಯಿತು, ದಪ್ಪ ಕುಂಚ ಕೈಗೆ ಬಂತು. ನೀರು ಓಡಿದ ಕಡೆ ಬಣ್ಣವೂ ಓಡಿತು, ನೀಲಗಂಗಾ ಓಡಲು ಬಿಟ್ಟರು.

ಒಂಬತ್ತನೆಯ ದಿನ ಅವ್ವನನ್ನೇ ಕೂರಿಸಿದರು. ಅರ್ಧ ಗಂಟೆ, ಅಷ್ಟೇ. ಸೀರೆಯ ಕೆಂಪು ಕುತ್ತಿಗೆಗೆ ಹರಿಯಿತು, ಹರಿಯಲಿ ಎಂದರು. ತೊಳೆದ ಹಾಳೆಯಲ್ಲಿ ಉಳಿದಿದ್ದ ಹಳೆಯ ಕಲೆಗಳೇ ಅವ್ವನ ಕೆನ್ನೆಯ ಸುಕ್ಕುಗಳಾದವು. ಮುಗಿಯಿತು. ಕರಾರಿನಂತೆ ನೀಲಗಂಗಾ ಎದ್ದು ನಳ ತಿರುವಿದರು.

ಅವ್ವ ಮಗಳ ರಟ್ಟೆ ಹಿಡಿದರು. ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದರು.

“ನಳಾ ಬಂದ್ ಮಾಡ. ನನ್ನ ಮುಖಾ ನಾ ಮುಂಜಾನೇನ ತೊಳಕೊಂಡೇನಿ.”

ನೀತಿ: ಕೆಟ್ಟೀತೆಂದು ಕೈ ಬಿಗಿಹಿಡಿದರೆ ಚಿತ್ರ ಹುಟ್ಟುವುದೇ ಇಲ್ಲ. ಕೆಟ್ಟರೆ ಕೆಡಲಿ ಎಂದು ಹಗುರಾಗಿ ಹೊರಟ ಕೈಗೇ ಚಂದವೂ ಸಿಗುತ್ತದೆ.