ಸೂರಿನ ನೀರು

"ಗುರುಗಳೇ, ಒಂದು ಲೆಕ್ಕ ನನ್ನ ತಲೆ ತಿನ್ನುತ್ತಿದೆ," ಎಂದ ಶಿಷ್ಯ. "ನಮ್ಮ ದೇಶದಲ್ಲಿ ಒಂದು ವರ್ಷ ಬೀಳುವ ಮಳೆಯನ್ನು ಇರುವ ಜನಕ್ಕೆಲ್ಲ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ ಏಳು ಸಾವಿರ ಲೀಟರು ಬರುತ್ತದೆ. ಕುಡಿಯಲು, ಬೇಯಿಸಲು, ಮೀಯಲು, ಬಟ್ಟೆ ಒಗೆಯಲು ನೂರೈವತ್ತು ಲೀಟರು ಸಾಕು. ಅರ್ಧ ಆವಿಯಾಗಲಿ, ಉಳಿದದ್ದರಲ್ಲಿ ಮುಕ್ಕಾಲು ಹೊಲಗದ್ದೆ ಕುಡಿಯಲಿ, ಆದರೂ ಮಿಗುತ್ತದೆ. ಹಾಗಿದ್ದೂ ಬೇಸಿಗೆ ಬಂದರೆ ಜನ ಕೊಡ ಹೊತ್ತು ಅಲೆಯುವುದೇಕೆ?"

"ಲೆಕ್ಕ ಸರಿಯಾಗಿದೆ," ಎಂದರು ಗುರು. "ನೀನು ಬಾಯಿಗಳನ್ನು ಎಣಿಸಿದ್ದೀಯೆ, ಹೊಟ್ಟೆಗಳನ್ನು ಎಣಿಸಿಲ್ಲ. ಕೇಳು."

ಒಂದು ಊರಿನಲ್ಲಿ ಗಾರೆ ಕೆಲಸದ ಒಬ್ಬ ಹೆಂಗಸು ತನ್ನ ಮುದಿ ಅತ್ತೆಯ ಜೊತೆ ಇದ್ದಳು. ಪಕ್ಕದ ಮನೆ ಒಬ್ಬ ಎಣ್ಣೆ ವ್ಯಾಪಾರಿಯದು. ಅವಳ ಹೆಂಚಿನ ಚಾವಣಿ ಅವನ ಕಡೆಗೆ ಇಳಿಜಾರಾಗಿತ್ತು. ಮಳೆ ಬಂದಾಗಲೆಲ್ಲ ಅವಳ ಸೂರಿನ ನೀರು ಅವನ ಅಂಗಳಕ್ಕೆ ಬೀಳುತ್ತಿತ್ತು. ಇದಕ್ಕಾಗಿ ಅವನು ಇಪ್ಪತ್ತು ವರ್ಷ ಜಗಳವಾಡಿದ. ನಿನ್ನ ಸೂರಿನ ನೀರಿಗೆ ನನ್ನ ಗೋಡೆ ಕೊರೆದುಹೋಯಿತು, ನನ್ನ ಅಂಗಳ ಕೆಸರಾಯಿತು ಎಂದು ಪ್ರತಿ ಮಳೆಗಾಲವೂ ಬೈದ.

ಬೇಸಿಗೆಯಲ್ಲಿ ಊರ ಬಾವಿ ಬತ್ತುತ್ತಿತ್ತು. ಎರಡು ಮೈಲಿ ದೂರದ ಹೊಳೆಗೆ ಹೋಗಿ, ಮರಳಿನಲ್ಲಿ ಒರತೆ ತೋಡಿ ನೀರು ತರಬೇಕು. ನೀರು ತರುವಷ್ಟರಲ್ಲಿ ಹೆಂಗಸಿಗೆ ಕೆಲಸಕ್ಕೆ ತಡವಾಗುತ್ತಿತ್ತು. ತಡವಾಗಿ ಬಂದವಳನ್ನು ಮೇಸ್ತ್ರಿ ಹಿಂದಕ್ಕೆ ಕಳಿಸುತ್ತಿದ್ದ. ಕೆಲಸ ಸಿಗದ ದಿನ ಅತ್ತೆ, ಸೊಸೆ ಇಬ್ಬರೂ ಗಂಜಿ ಕುಡಿದು ಮಲಗುತ್ತಿದ್ದರು.

ಒಂದು ವರ್ಷ ಅವಳೂ ನಿನ್ನ ಹಾಗೆ ಲೆಕ್ಕ ಹಾಕಿದಳು. ಇಬ್ಬರಿಗೆ ದಿನಕ್ಕೆ ನಾಲ್ಕು ಕೊಡ ನೀರು. ಬೇಸಿಗೆ ಮೂರು ತಿಂಗಳು. ಮುನ್ನೂರರವತ್ತು ಕೊಡ ಬೇಕು. ಮೊದಲ ಜಡಿಮಳೆ ಬಂದಾಗ ವ್ಯಾಪಾರಿಯ ಅಂಗಳದಲ್ಲೇ ನಿಂತು, ಅವನ ಬೈಗುಳ ಕೇಳುತ್ತಲೇ, ಸೂರಿನ ಕೆಳಗೆ ಕೊಡ ಹಿಡಿದು ತುಂಬಿ, ಚೆಲ್ಲಿ, ಎಣಿಸಿದಳು. ತೊಂಬತ್ತು ಕೊಡ. ಅಂಥ ನಾಲ್ಕು ಮಳೆ ಸಾಕು.

ಸೂರಿಗೆ ತಗಡಿನ ದೋಣಿ ಕಟ್ಟಿ ನೀರನ್ನು ತನ್ನ ಹಿತ್ತಿಲಿಗೆ ತಿರುಗಿಸಿದಳು. ಅಲ್ಲಿ ಗುಂಡಿ ತೋಡಿ, ಒಳಗೆ ಕಲ್ಲು ಕಟ್ಟಿ, ಗಾರೆ ಬಳಿದು, ಮೇಲೆ ಚಪ್ಪಡಿ ಮುಚ್ಚಿದಳು. ಜನ್ಮವಿಡೀ ಬೇರೆಯವರ ಮನೆ ಕಟ್ಟಿದವಳಿಗೆ ಅದೇನೂ ಕಷ್ಟವಾಗಲಿಲ್ಲ.

ಆ ಮಳೆಗಾಲ ವ್ಯಾಪಾರಿಯ ಅಂಗಳ ಕೆಸರಾಗಲಿಲ್ಲ. ಅವನಿಗೆ ಬೈಯಲು ಏನೂ ಉಳಿಯಲಿಲ್ಲ.

ಬೇಸಿಗೆ ಬಂತು. ಅವನ ಹೆಂಡತಿ ಕೊಡ ಹೊತ್ತು ಹೊಳೆಗೆ ಹೊರಟಳು. ಗೋಡೆಯಾಚೆ ಹಗ್ಗ ಜಾರಿದ ಸದ್ದು, ಕೊಡ ಮುಳುಗಿದ ಸದ್ದು. ಹೆಂಗಸು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದಳು. ದಿನಕ್ಕೆ ನಾಲ್ಕು ಸಲ ವ್ಯಾಪಾರಿ ಆ ಸದ್ದು ಕೇಳಿದ. ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಅವಳು ಮುಖ ತೊಳೆದರೆ ಅವನಿಗೆ ಹೊಟ್ಟೆ ಉರಿಯಿತು. ತುಳಸಿಗೆ ಒಂದು ತಂಬಿಗೆ ನೀರೆರೆದರೆ ಇನ್ನಷ್ಟು ಉರಿಯಿತು. ಅವಳು ಅತ್ತೆಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದ ದಿನ ಅವನಿಗೆ ತಡೆಯಲಾಗಲಿಲ್ಲ. ಎಣ್ಣೆ ಅವನ ಅಂಗಡಿಯದೇ. ಊರ ಹಿರಿಯರ ಬಳಿಗೆ ಓಡಿದ.

"ಇಪ್ಪತ್ತು ವರ್ಷ ನನ್ನ ಅಂಗಳಕ್ಕೆ ಬಿದ್ದ ನೀರು. ಅದು ನನ್ನ ಹಕ್ಕು. ಇವಳು ಕದ್ದಿದ್ದಾಳೆ," ಎಂದ.

ಹೆಂಗಸು ನಕ್ಕುಬಿಟ್ಟಳು. "ಇಪ್ಪತ್ತು ವರ್ಷ ಬರೀ ಬೈಸಿಕೊಂಡೆ, ಸಾವ್ಕಾರ್ರೇ. ಹಕ್ಕು ಅಂತ ಒಂದು ದಿನ ಹೇಳಿದ್ದರೆ ನಾನೇ ತಂದು ನಿಮ್ಮ ಹೊಸ್ತಿಲಿಗೆ ಸುರಿಯುತ್ತಿದ್ದೆ. ನಿಮ್ಮ ಚಾವಣಿ ನನ್ನದರ ಎರಡರಷ್ಟಿದೆ. ಅಲ್ಲಿ ಬಿದ್ದದ್ದೆಲ್ಲ ಬೀದಿ ಪಾಲು. ಒಂದು ದೋಣಿ ತನ್ನಿ, ಗುಂಡಿ ನಾನು ಕಟ್ಟಿಕೊಡುತ್ತೇನೆ. ಕೂಲಿಯೂ ಬೇಡ."

"ನಿನ್ನ ಹತ್ತಿರ ಕಲಿಯಬೇಕೇನೇ ನಾನು?" ಎಂದ ವ್ಯಾಪಾರಿ.

"ಅದಿರಲಿ, ನಿನಗೇನು ಬೇಕು ಹೇಳಪ್ಪ," ಎಂದರು ಹಿರಿಯರು.

"ಆ ದೋಣಿ ಇಳಿಯಬೇಕು."

ಹಿರಿಯರು ಐವರು. ಐವರಿಗೂ ಮನೆಯಿತ್ತು, ಮನೆಗೆ ಚಾವಣಿಯಿತ್ತು. ಒಬ್ಬರ ಹಿತ್ತಿಲಲ್ಲೂ ಗುಂಡಿ ಇರಲಿಲ್ಲ. ಐವರ ಹೆಂಡಿರೂ ಹೊಳೆಯಿಂದ ಬಂದು, ಕೊಡ ಇಳಿಸುತ್ತ, ಗಾರೆಯವಳ ಗುಂಡಿಯ ಮಾತು ತೆಗೆಯುತ್ತಿದ್ದರು. ತೀರ್ಪಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಿನಿಂದ ನಡೆದದ್ದೇ ನಡೆಯಲಿ, ದೋಣಿ ಇಳಿಸು ಎಂದರು. ಐದು ಹೊಟ್ಟೆಕಿಚ್ಚು ಒಟ್ಟಿಗೆ ಕೂತು ಆಡಿದ ಮಾತಿಗೆ ಆ ಊರಿನಲ್ಲಿ ನ್ಯಾಯ ಎಂದು ಹೆಸರು.

ಹೆಂಗಸು ದೋಣಿ ಇಳಿಸಿದಳು.

ಆ ವರ್ಷ ಮಳೆ ಚೆನ್ನಾಗಿ ಬಂತು. ಅವಳ ಸೂರಿನ ನೀರು ವ್ಯಾಪಾರಿಯ ಅಂಗಳಕ್ಕೆ ಬಿತ್ತು, ಅಂಗಳ ದಾಟಿ ಬೀದಿಗೆ ಇಳಿಯಿತು, ಬೀದಿ ದಾಟಿ ಹಳ್ಳ ಸೇರಿತು. ಅವನು ಜಗಲಿಯ ಮೇಲೆ ನಿಂತು ಅದು ಹೋಗುವುದನ್ನು ಪೂರ್ತಿ ನೋಡಿದ. ಒಂದು ತಪ್ಪಲೆಯನ್ನೂ ಅಡ್ಡ ಇಡಲಿಲ್ಲ. ಗೋಡೆ ಕೊರೆದುಹೋಯಿತು. ಅವನು ಬೈಯಲಿಲ್ಲ.

ಬೇಸಿಗೆಯಲ್ಲಿ ಹೆಂಗಸು ಹೊಳೆಗೆ ಹೊರಟಳು. ಅವಳ ಹಿಂದೆಯೇ ವ್ಯಾಪಾರಿಯ ಹೆಂಡತಿ. ಮೇಸ್ತ್ರಿ ಹೆಂಗಸನ್ನು ಎರಡು ಸಲ ಹಿಂದಕ್ಕೆ ಕಳಿಸಿದ, ಮೂರನೆಯ ಸಲ ಇನ್ನು ಬರಲೇಬೇಡ ಎಂದ. ಹಿತ್ತಿಲ ಗುಂಡಿ ಒಣಗಿ, ಗಾರೆ ಬಿರುಕುಬಿಟ್ಟಿತು. ಗೋಡೆಯಾಚೆ ಸದ್ದಿಲ್ಲ. ವ್ಯಾಪಾರಿ ಎರಡೆರಡು ಸಲ ಅನ್ನ ಬಡಿಸಿಕೊಂಡು ಉಂಡ.

ಗುರು ಮಾತು ನಿಲ್ಲಿಸಿದರು.

"ಎಂಥ ದಡ್ಡ!" ಎಂದ ಶಿಷ್ಯ. "ಇಷ್ಟೆಲ್ಲ ಮಾಡಿ ಅವನಿಗೆ ಒಂದು ಕೊಡ ನೀರೂ ಸಿಗಲಿಲ್ಲವಲ್ಲ."

"ದಡ್ಡನಲ್ಲ, ಅವನು ಕೇಳಿದ್ದು ಅವನಿಗೆ ಸಿಕ್ಕಿತು, ನೀರನ್ನು ಅವನು ಕೇಳಲೇ ಇಲ್ಲ."