ಕೊಂಡವನು ಮಲಗಬೇಕು

"ಅಜ್ಜಾರ, ಹದಿನೆಂಟು ತುಂಬಿದ ಮಗಳ ಕೈಗೆ ಮೊದಲನೇ ಕಾರು ಕೊಡೂದಾದ್ರ, ಎಷ್ಟು ಶಕ್ತಿಯ ಎಂಜಿನ್ ಇದ್ದರ ಕ್ಷೇಮ?"

ಹೀಗೆ ಕೇಳಿದವನು ಈರಸಂಗಪ್ಪ, ಮಠದ ಹಳೆಯ ಶಿಷ್ಯ. ಕಾಳಿನ ವ್ಯಾಪಾರ ಅವನದು. ಮಗಳು ಶಿವಲೀಲಾ ಕಾಲೇಜಿಗೆಂದು ದಿನವೂ ಹೆದ್ದಾರಿಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಹೋಗಿ ಬರಬೇಕು. ಅವಳಿಗೆ ಲೈಸೆನ್ಸ್ ಬಂದು ಎಂಟು ದಿನವಾಗಿತ್ತು.

ಮಠದ ಅಜ್ಜ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆಯೇ, "ನಿನಗೆಷ್ಟು ಬೇಕೆನ್ನಿಸಿದೆ?" ಎಂದರು.

"ಒಂದನ್ನ ನೋಡಿಟ್ಟೇನ್ರಿ. ನೂರೈವತ್ತು ಕುದುರೆ ಶಕ್ತಿ. ನಾನೇ ಓಡಿಸಿ ನೋಡಿದೆ. ಕಾಲು ಇಟ್ಟರ ಸಾಕು, ಬಾಣ ಬಿಟ್ಟಂಗ ಹೋಗತೈತಿ. ನಮ್ಮ ಮನೆಯಾಕಿ ಮಾತ್ರ ಸಣ್ಣದು ಸಾಕು ಅಂತ ಗಂಟು ಬಿದ್ದಾಳ. ಹದಿನೈದು ದಿನದಿಂದ ಇದೇ ಜಗಳ. ನೀವೊಂದು ಮಾತು ಹೇಳಿಬಿಟ್ರ ಮುಗೀತು."

"ನೂರೈವತ್ತು ಕುದುರೆಯ ಸುದ್ದಿ ನನಗೆ ಗೊತ್ತಿಲ್ಲ ತಮ್ಮಾ. ಒಂದು ಕುದುರೆಯ ಸುದ್ದಿ ಗೊತ್ತು. ಕೂತು ಕೇಳು" ಎಂದು ಅಜ್ಜ ಹೇಳತೊಡಗಿದರು.

ಒಂದು ಊರು. ಊರಿಗೂ ರೈಲು ನಿಲ್ದಾಣಕ್ಕೂ ನಡುವೆ ಮೂರು ಮೈಲಿ ದಾರಿ. ಪೇಟೆ ದಾಟಿದರೆ ಉದ್ದನೆಯ ಇಳಿಜಾರು. ಇಳಿಜಾರಿನ ಬುಡದಲ್ಲಿ ಹಳ್ಳದ ಸೇತುವೆ. ಸೇತುವೆ ದಾಟಿದರೆ ಏರು, ಏರಿನ ತಲೆಯ ಮೇಲೆ ರೈಲು ಹಳಿ, ಹಳಿಯ ಆಚೆಗೆ ನಿಲ್ದಾಣ. ಆ ದಾರಿಯಲ್ಲಿ ಟಾಂಗಾ ಹೊಡೆದು ಬದುಕುವ ಮನೆಗಳು ಹನ್ನೆರಡು.

ಆ ಹನ್ನೆರಡು ಮನೆಯವರಲ್ಲಿ ಒಂದು ಕಟ್ಟಳೆ ಇತ್ತು. ಮನೆಯ ಹುಡುಗ ಮೊದಲ ಸಲ ಲಗಾಮು ಹಿಡಿದ ದಿನ, ಅವನಿಗೆ ಕುದುರೆ ಕೊಂಡುಕೊಟ್ಟವನು ಟಾಂಗಾದ ಹಿಂಭಾಗದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಬೇಕು. ಬರೀ ಮಲಗಿದರೆ ಸಾಲದು, ನಿದ್ದೆ ಹೋಗಬೇಕು. ನಿಲ್ದಾಣದ ಬೇವಿನ ಮರದ ಕೆಳಗೆ ಹಿರಿಯ ಟಾಂಗಾವಾಲಾ ಕಾದು ಕೂತಿರುತ್ತಿದ್ದ. ಕೊಂಡವನಿಗೆ ನಿದ್ದೆ ಬಂದಿದ್ದರೆ ಹುಡುಗನ ಟಾಂಗಾಕ್ಕೆ ಸಾಲಿನಲ್ಲಿ ಜಾಗ. ಬಂದಿರದಿದ್ದರೆ ಕುದುರೆ ವಾಪಸು.

ಇದೆಂಥ ಹುಚ್ಚು ಪದ್ಧತಿ ಎಂದು ಹೊರಗಿನವರು ನಗುತ್ತಿದ್ದರು. ಹಿರಿಯ ಹೇಳುತ್ತಿದ್ದ: "ಬಾಯಿ ಸುಳ್ಳು ಹೇಳತೈತಿ, ಕಣ್ಣು ಸುಳ್ಳು ಹೇಳತೈತಿ. ನಿದ್ದಿಗೆ ಸುಳ್ಳು ಹೇಳಾಕ ಬರೂದಿಲ್ಲ."

ಆ ಊರಿನ ಒಬ್ಬ ಟಾಂಗಾವಾಲಾನಿಗೆ ಒಬ್ಬನೇ ಮಗ. ಮಗ ಕೈಗೆ ಬಂದ. ತಂದೆ ಮೂವತ್ತು ವರ್ಷ ಬಡಕಲು ಕುದುರೆಗಳನ್ನೇ ಹೊಡೆದವನು, ಯಾರೋ ಬಿಟ್ಟದ್ದನ್ನೇ ಕಟ್ಟಿಕೊಂಡವನು. "ನನ್ನ ಮಗನ ಕುದುರೆ ಹನ್ನೆರಡೂ ಮನೆಯ ಕುದುರೆಗಳ ಮುಂದೆ ಹೋಗಬೇಕು" ಎಂದು ಹಟ ತೊಟ್ಟ. ಹಟ ಅಂದರೆ ಅಂಥಿಂಥ ಹಟವಲ್ಲ. ಉಂಡರೂ ಅದೇ ಮಾತು, ಎದ್ದರೂ ಅದೇ ಮಾತು.

ಮೂರು ಊರಿನ ಆಚೆ ಒಬ್ಬ ಶ್ರೀಮಂತನ ದೊಡ್ಡ ವಾಡೆಯಲ್ಲಿ ಪಂದ್ಯಕ್ಕೆ ಪಳಗಿಸಿದ ಬಿಳಿ ಕುದುರೆ ಮಾರಾಟಕ್ಕಿದೆ ಎಂದು ಕೇಳಿದ. ಹೋದ. ಏರಿದ. ಓಡಿಸಿದ. ಕಿವಿಯಲ್ಲಿ ಗಾಳಿ ಹೊಕ್ಕಿತು, ಐವತ್ತು ವರ್ಷ ಮೈಯಿಂದ ಉದುರಿ ಹೋಯಿತು. ಅಲ್ಲೇ ಕೊಂಡ, ಅದರ ಮೇಲೆಯೇ ಕೂತು ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಕೂದಲಾಗ ಗಾಳಿ ಇನ್ನೂ ಕುಂತೈತ್ರೀ. ಬಾಚಿಕೊಂಡು ಒಳಗ ಬರ್ರಿ" ಎಂದಳು.

ಪಂದ್ಯದ ಕುದುರೆಯದು ಒಂದು ಗುಣ. ಲಗಾಮು ಜಗ್ಗಿದಷ್ಟೂ ಅದು ಓಡುತ್ತದೆ. ಬಿಗಿ ಸಡಿಲ ಬಿಟ್ಟರೆ ನಿಲ್ಲುತ್ತದೆ. ತಂದೆಗೆ ಇದು ಒಂದೇ ಸಲಕ್ಕೆ ತಿಳಿಯಿತು, ಮೂವತ್ತು ವರ್ಷದ ಕೈ ಅವನದು. ಮಗನಿಗೂ ಹೇಳಿಕೊಟ್ಟ. ಹೇಳಿಕೊಟ್ಟದ್ದು ಕಿವಿಯಲ್ಲಿ ಉಳಿಯುತ್ತದೆ. ಹೆದರಿದ ಕೈಗೆ ಕಿವಿ ಇರುವುದಿಲ್ಲ.

ಗೊತ್ತಾದ ದಿನ ಮಗ ಮುಂದೆ ಕೂತ, ತಂದೆ ಹಿಂದೆ ಮಲಗಿದ. ಪೇಟೆಯೊಳಗೆ ಕುದುರೆ ಚೆನ್ನಾಗಿಯೇ ಹೋಯಿತು. ಜನ ನಿಂತು ನೋಡಿದರು. ತಂದೆ ಮಲಗಿದಲ್ಲೇ ಮೀಸೆ ತಿರುವಿದ. ಇಳಿಜಾರು ಬಂತು. ಎದುರಿಗೆ ಜೋಳದ ಕಣಿಕೆ ಹೇರಿದ ಚಕ್ಕಡಿ. ಮಗ ಹೆದರಿ ಲಗಾಮು ಜಗ್ಗಿದ. ಕುದುರೆ ಹಾರಿತು. ಇನ್ನೂ ಜಗ್ಗಿದ. ಇನ್ನೂ ಹಾರಿತು. ಚಕ್ಕಡಿಗೂ ಟಾಂಗಾದ ಗಾಲಿಗೂ ನಡುವೆ ಒಂದು ಗೇಣು ಉಳಿಯಿತೋ ಇಲ್ಲವೋ, ಶಿವನಿಗೇ ಗೊತ್ತು. ಕಣಿಕೆಯ ಗರಿ ತಂದೆಯ ಮುಖಕ್ಕೆ ಬಡಿಯಿತು. ಆದರೂ ಅವನು ಕಣ್ಣು ಬಿಡಲಿಲ್ಲ. ಗೊರಕೆ ಹೊಡೆದ. ಕುದುರೆ ಜೋರಾದಷ್ಟೂ ಗೊರಕೆ ಜೋರಾಯಿತು.

ಏರಿನಲ್ಲಿ ಕುದುರೆ ದಣಿಯಿತು, ನಿಲ್ದಾಣದಲ್ಲಿ ನಿಂತಿತು. ಹಿರಿಯ ಎದ್ದು ಬಂದ.

"ಏನಪಾ, ನಿದ್ದಿ ಬಂತೇನು?"

ತಂದೆ ಆಕಳಿಸಿದ. "ಗಡದ್ದು ನಿದ್ದಿ. ಊರು ಬಿಟ್ಟದ್ದೂ ಗೊತ್ತಿಲ್ಲ."

"ಕೈ ತೋರಸು."

ತಂದೆ ಅಂಗೈ ಚಾಚಿದ. ಅಂಗೈ ತುಂಬ ಹಗ್ಗದ ಎಳೆ ಎಳೆ ಮೂಡಿತ್ತು. ಟಾಂಗಾದ ಹಿಂದಿನ ಕಟ್ಟು ಹಗ್ಗವನ್ನು ದಾರಿಯುದ್ದಕ್ಕೂ ಹಿಡಿದಿದ್ದ ಗುರುತು.

"ಗಡದ್ದು ನಿದ್ದಿಯಾಗ ಹಗ್ಗಾ ಹೊಸೀತಿದ್ದೇನು?" ಎಂದ ಹಿರಿಯ. ಸಾಲಿನಲ್ಲಿದ್ದ ಟಾಂಗಾವಾಲಾಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಬ್ಬ ನಗಲಿಲ್ಲ. ಮಗ. ಅವನು ಲಗಾಮು ಬಿಟ್ಟಿದ್ದರೂ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಅವತ್ತು ಮನೆಯಲ್ಲಿ ಅವನಿಗೆ ರೊಟ್ಟಿ ಮುರಿಯಲಿಕ್ಕೂ ಆಗಲಿಲ್ಲ, ತಾಯಿಯೇ ಮುರಿದು ಹಾಕಿದಳು. ತಂದೆ ಅದನ್ನು ನೋಡಿದ. ಮರುದಿನ ಬಿಳಿ ಕುದುರೆಯನ್ನು ವಾಡೆಗೆ ಬಿಟ್ಟು ಬಂದ, ನಡೆದೇ ಬಂದ.

ಬರುತ್ತ ಬರುತ್ತ ಹೊಸ ಹಟ ಹಿಡಿದ. ಈ ಸಲ ನಾನು ಮಲಗಿಯೇ ತೀರಬೇಕು, ಯಾರೂ ನನ್ನ ಅಂಗೈ ನೋಡಿ ನಗಬಾರದು. ಒಬ್ಬ ಅಗಸ ಭಾರ ಹೊರಿಸಲಾಗದೆ ಬಿಟ್ಟಿದ್ದ ಮುದಿ ಹೆಣ್ಣು ಕುದುರೆಯೊಂದಿತ್ತು. ಬಡಿದರೂ ಓಡದು, ಬೈದರೂ ಓಡದು. ಅದನ್ನು ತಂದು ಕಟ್ಟಿದ. ಹೊರಡುವ ಮುಂಚೆ ನಾಲ್ಕು ರೊಟ್ಟಿ ತಿಂದು, ಒಂದು ತಂಬಿಗೆ ಮಜ್ಜಿಗೆ ಕುಡಿದು ಹಿಂದೆ ಮಲಗಿದ. ಪೇಟೆಯ ಮೂಲೆ ತಿರುಗುವುದರೊಳಗೆ ನಿಜವಾಗಿಯೂ ನಿದ್ದೆ ಹೋದ.

ಟಾಂಗಾ ಇಳಿಜಾರನ್ನು ಸುಖವಾಗಿ ಇಳಿಯಿತು. ಏರು ಬಂತು. ಮುದಿ ಕುದುರೆ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು. ಮತ್ತೆ ನಾಲ್ಕು ಹೆಜ್ಜೆ. ಹೀಗೆ ನಿಂತು ನಿಂತು ಏರಿ, ಏರಿನ ತಲೆಗೆ ಬಂದು, ರೈಲು ಹಳಿಯ ಮೇಲೆಯೇ ನಿಂತುಬಿಟ್ಟಿತು. ದೂರದಲ್ಲಿ ರೈಲು ಕೂಗಿತು. ಹಳಿ ಕಾಯುವ ಗೇಟಿನವನು ಕೆಂಪು ಬಾವುಟ ಹಿಡಿದು ರೈಲಿನ ಕಡೆ ಓಡಿದ. ಮಗ ಕೆಳಗೆ ಹಾರಿದ. ಬಾರುಕೋಲು ಎಸೆದು, ಗಾಲಿಗೆ ಹೆಗಲು ಕೊಟ್ಟ. "ಅಪ್ಪಾ, ಏಳು! ಅಪ್ಪಾ!" ಎಂದು ಕಿರುಚಿದ. ನಿಲ್ದಾಣದ ಸಾಲಿನಲ್ಲಿದ್ದ ಟಾಂಗಾವಾಲಾಗಳು ಓಡಿ ಬಂದು ಕುದುರೆಯನ್ನು ಎಳೆದರು, ಟಾಂಗಾ ನೂಕಿದರು. ತಂದೆ ಕಣ್ಣು ಬಿಟ್ಟಾಗ ಟಾಂಗಾ ಹಳಿಯ ಆಚೆಗಿತ್ತು, ರೈಲು ಅವನ ಕಾಲಿನ ಹತ್ತಿರ ದಡದಡ ಹೋಗುತ್ತಿತ್ತು.

ಈ ಸಲ ಯಾರೂ ನಗಲಿಲ್ಲ. ತಂದೆಯ ಕೆನ್ನೆಯ ಮೇಲೆ ಗೋಣಿಚೀಲದ ಗುರುತು ಬಿದ್ದಿತ್ತು. ಮಗನ ಹೆಗಲಿನ ಅಂಗಿ ಹರಿದು ರಕ್ತ ಬಂದಿತ್ತು. ಹಿರಿಯ ಎರಡನ್ನೂ ನೋಡಿದ.

"ನೀ ಮಲಗಿದ್ದು ಖರೆ" ಎಂದ. "ಆದರ ಅಂಜಿಕಿ ಎಲ್ಲೂ ಹೋಗಲಿಲ್ಲ. ಹಿಂದಿನ ಸೀಟಿನಿಂದ ಎದ್ದು ಮುಂದಿನ ಸೀಟಿಗೆ ಹೋಗಿ ಕುಂತಿತು."

ತಂದೆ ಅವತ್ತು ಟಾಂಗಾ ಹತ್ತಲಿಲ್ಲ. ಮಗನ ಜೊತೆ ನಡೆದೇ ಊರಿಗೆ ಬಂದ. ಸೇತುವೆಯ ಮೇಲೆ ಬಂದಾಗ ತಂದೆ, "ನಾಳೆ ನೀನೂ ಬಾ" ಎಂದ.

ಮರುದಿನ ಇಬ್ಬರೂ ಕೂಡಿ ಹೋದರು. ಒಂದು ದಿನವಲ್ಲ, ಎಂಟು ದಿನ ಹೋದರು. ಎಲ್ಲಿ ಕುದುರೆ ಇದೆ ಎಂದು ಕೇಳಿದರೂ ಹೋದರು. ತಂದೆ ಯಾವ ಕುದುರೆಯ ಲಗಾಮನ್ನೂ ಮುಟ್ಟಲಿಲ್ಲ. ಮಾರುವವರು, "ಹಿರಿಯರು ನೀವು, ಒಂದು ಸುತ್ತು ಹೊಡೀರಿ" ಎಂದರೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಂಗೈ ತುರಿಸುತ್ತಿತ್ತು. ಆದರೂ ನಿಂತ. ಮಗನೇ ಹೊಡೆದ. ಇಳಿಜಾರಿನಲ್ಲಿ ಹೊಡೆದು ನಿಲ್ಲಿಸಿದ, ಮೂರು ಚೀಲ ಹೇರಿ ಏರು ಹತ್ತಿಸಿದ. ಕೆಲವು ಅವನನ್ನೇ ಎಳೆದುಕೊಂಡು ಹೋದವು. ಕೆಲವನ್ನು ಅವನು ಎಳೆದುಕೊಂಡು ಬರಬೇಕಾಯಿತು. ಒಂಬತ್ತನೆಯದು ಒಂದು ಕಂದು ಕುದುರೆ. ಕಿವಿ ಗಿಡ್ಡ, ಬಾಲದಲ್ಲಿ ಕೂದಲು ಕಡಿಮೆ, ನೋಡಲು ಏನೇನೂ ಇಲ್ಲ. ಇಳಿಜಾರಿನ ನಡುವೆ ಮಗ "ಹೋ" ಅಂದ. ನಿಂತಿತು. ಏರಿನಲ್ಲಿ ನಾಲಿಗೆ ಲೊಚಗುಟ್ಟಿದ. ಬಾರುಕೋಲು ಎತ್ತುವ ಮೊದಲೇ ಹತ್ತಿತು.

"ಅಪ್ಪಾ, ಇದು ನನ್ನ ಮಾತು ಕೇಳತೈತಿ" ಎಂದ ಮಗ.

ತಂದೆ ಅಲ್ಲೇ ಹಣ ಎಣಿಸಿಕೊಟ್ಟ.

ಗೊತ್ತಾದ ದಿನ ತಂದೆ ಹಿಂದೆ ಮಲಗಿದ. ರೊಟ್ಟಿ ಹೆಚ್ಚು ತಿಂದಿರಲಿಲ್ಲ, ಮಜ್ಜಿಗೆಯನ್ನೂ ಕುಡಿದಿರಲಿಲ್ಲ. ಇವತ್ತೂ ನಿದ್ದೆ ಬರದಿದ್ದರೆ ಇದನ್ನೂ ಬಿಟ್ಟು ಬರುತ್ತೇನೆ, ಹತ್ತನೆಯದನ್ನು ಹುಡುಕುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಟಾಂಗಾ ಊರ ಪೇಟೆಯಲ್ಲಿಯೇ ನಿಂತಿತ್ತು. ತಂದೆಗೆ ಸಿಟ್ಟು ಬಂತು. "ಯಾಕೋ, ಇನ್ನೂ ಹೊಂಟೇ ಇಲ್ಲೇನೋ?" ಎಂದ.

ಮಗ ಕುದುರೆಗೆ ನೀರು ಕುಡಿಸುತ್ತಿದ್ದ. "ಹೋಗಿ ಬಂದಾತಪಾ. ನಿನ್ನ ಗೊರಕೀ ಕೇಳಿ ಹಿರಿಯಾರು, 'ಅಂವನ್ನ ಎಬ್ಬಿಸಬ್ಯಾಡ, ಮುಂದ ಇಬ್ಬರನ್ನ ಕೂರಿಸಿಕೊಂಡು ಹೋಗು' ಅಂದ್ರು. ಅವರೂ ಇಳದು ಹ್ವಾದ್ರು. ನೀ ಇಳೀತೀ, ಇಲ್ಲಾ ನಿನ್ನ ಕಡೇನೂ ಬಾಡಿಗಿ ಕೇಳಲೋ?"

ಇಷ್ಟು ಹೇಳಿ ಅಜ್ಜ ಮತ್ತೆ ಬೀಜ ಬಿಡಿಸತೊಡಗಿದರು.

ಈರಸಂಗಪ್ಪನ ಮುಖ ಅರಳಿತ್ತು. ಹದಿನೈದು ದಿನದ ಜಗಳಕ್ಕೆ ಉತ್ತರ ಸಿಕ್ಕಿತ್ತು. "ತಿಳೀತ್ರಿ ಅಜ್ಜಾರ. ಹುಚ್ಚು ಓಟದ್ದೂ ಬ್ಯಾಡ, ಏರಿನಾಗ ಕೈಕೊಡೂದೂ ಬ್ಯಾಡ. ಹೇಳಿದಂಗ ಕೇಳೂದು ಬೇಕು. ಹಂಗಂದ್ರ ನಾ ನೋಡಿದ ಕಾರೇ ಸೈ. ಏರು ಸಲೀಸಾಗಿ ಹತ್ತತೈತಿ, ಬ್ರೇಕ್ ಒತ್ತಿದಲ್ಲೇ ನಿಲ್ಲತೈತಿ. ಒಂದಲ್ಲ, ಎರಡು ಸಲ ಓಡಿಸಿ ನೋಡೇನ್ರಿ."

ಅಜ್ಜ ಕೈಯಲ್ಲಿದ್ದ ಬೀಜವನ್ನು ಬುಟ್ಟಿಗೆ ಹಾಕಿ, ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಆ ಎರಡು ಸಲವೂ ನಿನ್ನ ಮಗಳು ಎಲ್ಲಿ ಕೂತಿದ್ದಳು, ತಮ್ಮಾ?"