ತಾಲೆಫಜ್ಜ ಇಳಿದ ಜಾಗ

ಗುರು ಎಂದ ಕೂಡಲೇ ನಮ್ಮ ಕಣ್ಣಿಗೆ ಹೊಳೆದಂಡೆ ಕಟ್ಟುತ್ತದೆ, ಅರಳಿಮರ ಕಟ್ಟುತ್ತದೆ. ನಾರ್ವೆ ದೇಶದಲ್ಲಿ ಅರಳಿಮರವಿಲ್ಲ. ಚಳಿಗಾಲ ಬಂತೆಂದರೆ ಹೊಳೆ ಕೂಡ ಗಟ್ಟಿಯಾಗಿ ಮಲಗಿಬಿಡುತ್ತದೆ. ಆದರೂ ಅಲ್ಲೊಬ್ಬ ಗುರು ಇದ್ದ. ದೇವರು ಇಂಥ ಕಡೆಗೆ ಮಾತ್ರ ಗುರುವನ್ನು ಕಳಿಸುತ್ತೇನೆ ಎಂದು ಎಲ್ಲೂ ಬರೆದುಕೊಟ್ಟಿಲ್ಲವಷ್ಟೆ.

ಹೆಸರು ತಾಲೆಫ್. ಊರವರ ಬಾಯಲ್ಲಿ ತಾಲೆಫಜ್ಜ.

ಅವನ ವಿದ್ಯೆ ಸ್ಕೀ. ಆಳಿಗಿಂತ ಉದ್ದದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು, ದಿಬ್ಬ ಬಂದಲ್ಲಿ ಹಾರುವುದು.

ಅಜ್ಜನಿಗೆ ಮುಂಚೆ ಆ ಹಲಗೆಗೆ ಬೆರಳ ಹತ್ತಿರ ಒಂದು ಪಟ್ಟಿ ಮಾತ್ರ ಇತ್ತು. ಹಾರಿದರೆ ಹಲಗೆ ಒಂದು ಕಡೆ, ಮನುಷ್ಯ ಒಂದು ಕಡೆ. ಅಜ್ಜ ಹರೆಯದಲ್ಲಿ ಬರ್ಚ್ ಮರದ ಎಳೆಬೇರನ್ನು ನೀರಿನಲ್ಲಿ ನೆನೆಹಾಕಿದ. ಅದನ್ನು ಹುರಿ ಹೊಸೆದು ಹಿಮ್ಮಡಿಯ ಸುತ್ತ ಕುಣಿಕೆ ಹಾಕಿದ. ಕಾಲು ಹಲಗೆಗೆ ಅಂಟಿ ನಿಂತಿತು. ಅಂದಿನಿಂದ ಆ ಕಣಿವೆಯವರು ಹಕ್ಕಿಗಳಾದರು.

ಅಜ್ಜನ ದಿಬ್ಬದಲ್ಲಿ ಒಂದೇ ಕಟ್ಟಳೆ. ಹಾರಿದವರು ಬಂದಿಳಿದ ಕಡೆ ಹಿಮ ಕುಸಿದು ಗುಂಡಿಯಾಗುತ್ತದೆ. ಆ ಗುಂಡಿಯನ್ನು ಅವರೇ ಸಲಿಕೆ ಹಿಡಿದು ಮುಚ್ಚಬೇಕು, ತುಳಿದು ಸಮ ಮಾಡಬೇಕು. ಆಮೇಲೆ ಮುಂದಿನವರ ಸರದಿ.

ಐವಿಂದ್ ಎಂಬವನು ಹದಿನೆಂಟು ವರ್ಷ ಅಜ್ಜನ ಬಳಿ ಇದ್ದ. ಅಜ್ಜನ ಅನ್ನ ಉಂಡಿದ್ದ, ಅಜ್ಜನ ಬೈಗುಳವನ್ನೂ ಉಂಡಿದ್ದ.

ಆ ವರ್ಷ ಅಜ್ಜನಿಗೆ ಎಪ್ಪತ್ತೆರಡು. ಮಂಡಿ ಸೋತಿತ್ತು. ಹಿಮ ಕರಗಿದ ಮೇಲೆ ಸಮುದ್ರದಾಚೆ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅದು ಬಯಲು ಸೀಮೆ. ಅಲ್ಲಿ ಗುಡ್ಡವೆಂದರೆ ಇರುವೆ ಗೂಡು.

ಹೊರಡುವ ಮುನ್ನ ಅಜ್ಜ ಒಂದು ಭಾನುವಾರ ಕೊನೆಯ ಸಲ ಹಾರಿದ. ಬೇಡವೆಂದರೂ ಕೇಳಲಿಲ್ಲ. ಹತ್ತು ಮಾರು ದೂರ ಹೋಗಿ, ಬೆಕ್ಕು ಇಳಿದಂತೆ ಇಳಿದ. ಇಳಿದವನಿಗೆ ಮಂಡಿ ಬಗ್ಗಿಸಲಾಗಲಿಲ್ಲ.

"ಮಗಾ, ಇದೊಂದು ಸಲ ನನ್ನ ಗುಂಡಿ ನೀನು ಮುಚ್ಚಿಬಿಡು" ಎಂದ.

"ಹೂಂ ಅಜ್ಜ" ಎಂದ ಐವಿಂದ್.

ಮುಚ್ಚಲಿಲ್ಲ.

ಸಲಿಕೆ ಎತ್ತಿದ. ಕೈ ಬರಲಿಲ್ಲ. ಗುರು ಭೂಮಿಗೆ ಕಾಲಿಟ್ಟ ಕೊನೆಯ ಗುರುತು ಅದು. ದೇವದಾರುವಿನ ಜಾತಿಯ ಮರದಿಂದ ಹಸಿರು ರೆಂಬೆ ಮುರಿದು ತಂದು ಗುಂಡಿಯ ಸುತ್ತ ಚುಚ್ಚಿದ. ಕೈಮುಗಿದ. ಬೆಳಗಾಗುವುದರೊಳಗೆ ಗುಂಡಿಯ ಅಂಚು ಹೆಪ್ಪುಗಟ್ಟಿ ಕಲ್ಲಾಯಿತು.

ಮುಂದಿನ ಭಾನುವಾರ ಮೂರು ಕಣಿವೆಯ ಜನ ಸೇರುವವರಿದ್ದರು. ಅಜ್ಜನ ಜಾಗದಲ್ಲಿ ಐವಿಂದ್ ಹಾರಬೇಕು. ನಿಂತರೆ ಜನ ತಮ್ಮ ಮಕ್ಕಳನ್ನು ಅವನ ಬಳಿ ಕಲಿಯಲು ಬಿಡುತ್ತಾರೆ. ಬಿದ್ದರೆ, ವಿದ್ಯೆ ಮುದುಕನ ಜೊತೆಗೇ ಹಡಗು ಹತ್ತಿತು ಅನ್ನುತ್ತಾರೆ.

ಸೋಮವಾರ ಐವಿಂದ್ ಅಜ್ಜನ ಒಲೆಯ ಮುಂದೆ ಮುಖ ಇಳಿಬಿಟ್ಟು ಕೂತಿದ್ದ.

"ಏನಾಯಿತೋ?"

"ಮೊನ್ನೆ ಕೆಳಗಿನ ಊರಿನ ಮಕ್ಕಳು ಬೇರಿನ ಕುಣಿಕೆ ಹೊಸೆಯುತ್ತಿದ್ದವು ಅಜ್ಜ. ಇದನ್ನು ಮೊದಲು ಮಾಡಿದ್ದು ಯಾರು ಗೊತ್ತಾ ಅಂತ ಕೇಳಿದೆ."

"ಏನಂದವು?"

"ಒಬ್ಬನಿಗೆ ಗೊತ್ತಿಲ್ಲ. ಇನ್ನೊಬ್ಬ, ನಮ್ಮಪ್ಪ ಅಂದ."

ಅಜ್ಜ ಹೊಟ್ಟೆ ಹಿಡಿದು ನಕ್ಕ.

"ನಗುತ್ತೀರಲ್ಲ. ನಿಮ್ಮ ಹೆಸರು ಯಾರ ಬಾಯಲ್ಲೂ ಬರಲಿಲ್ಲ."

"ಹೊಸೆತ ಬಿಗಿ ಇತ್ತಾ?"

"ಇತ್ತು."

"ಸದ್ಯ" ಎಂದು ಅಜ್ಜ ಒಲೆಗೆ ಸೌದೆ ಸರಿಸಿದ.

ಮಂಗಳವಾರ, ಬುಧವಾರ ಐವಿಂದ್ ಹಾರಿದ. ಮೂರು ಸಲ ಹಾರಿ ಮೂರು ಸಲ ಬಿದ್ದ. ಹದಿನೆಂಟು ವರ್ಷದಲ್ಲಿ ಅಷ್ಟು ಬಿದ್ದವನಲ್ಲ. ಕುಂಟುತ್ತ ಮನೆಗೆ ಬಂದ.

ಅಜ್ಜ ಅವನ ಹಲಗೆ ನೋಡಿದ. ನೆಟ್ಟಗಿತ್ತು. ಕುಣಿಕೆ ಎಳೆದು ನೋಡಿದ. ಬಿಗಿಯಾಗಿತ್ತು.

"ಗಾಳಿಯಲ್ಲಿದ್ದಾಗ ಎಲ್ಲಿ ನೋಡುತ್ತಿದ್ದೆ?"

"ನೀವು ಇಳಿದ ಜಾಗ."

"ಅದು ನಿನಗೆ ಹೇಗೆ ಕಾಣುತ್ತದೆ?"

ಐವಿಂದ್ ತಲೆ ತಗ್ಗಿಸಿದ. ಅಜ್ಜ ಮೊಸರು ಬಡಿಸಿದ. ಉಂಡು ಮಲಗು ಎಂದ.

ಗುರುವಾರ ಬಿದ್ದವಳು ರಾಗ್ನಾ.

ಅಜ್ಜನ ಬಳಿ ಕಲಿಯಲು ಬಂದವರಲ್ಲಿ ಅವಳೇ ಕಿರಿಯಳು. ಹಾಲು ಕರೆದು ಜೀವನ ಮಾಡುವವಳು. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಅವಳ ಹಾರಿಕೆ ಚೆನ್ನಾಗಿಯೇ ಇತ್ತು. ಇಳಿಯುವಾಗ ಹಲಗೆಯ ಮೂತಿ ಗುಂಡಿಯ ಕಲ್ಲಂಚಿಗೆ ಸಿಕ್ಕಿತು. ಮಗುಚಿ ಬಿದ್ದಳು.

ಐವಿಂದ್ ಓಡಿದ. ರಾಗ್ನಾ ಎದ್ದು ಕೂತಿದ್ದಳು. ಎಡಗೈಯ ಮಣಿಕಟ್ಟು ಊದುತ್ತಿತ್ತು. ಬಲಗೈಯಲ್ಲಿ ಏನನ್ನೋ ಹಿಡಿದಿದ್ದಳು.

"ಏನದು?"

"ನನ್ನ ಹಲ್ಲು. ನಿನ್ನ ಗುಡಿಗೆ ಕಾಣಿಕೆ. ಎಲ್ಲಿಡಲಿ ಐವಿಂದಣ್ಣ, ರೆಂಬೆಯ ಪಕ್ಕದಲ್ಲೋ?"

ಐವಿಂದನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸುದ್ದಿ ಕೇಳಿ ಅಜ್ಜ ಕೋಲೂರಿಕೊಂಡು ಬಂದ. ಮನೆಯಿಂದ ದಿಬ್ಬಕ್ಕೆ ಇನ್ನೂರು ಹೆಜ್ಜೆ. ಅಷ್ಟಕ್ಕೆ ಐದು ಸಲ ನಿಂತ. ಮೊದಲು ರಾಗ್ನಾಳ ಬಾಯಿ ನೋಡಿದ, ಮಣಿಕಟ್ಟು ಮುಟ್ಟಿ ನೋಡಿ ಬಟ್ಟೆ ಕಟ್ಟಿದ. ಆಮೇಲೆ ಗುಂಡಿ ನೋಡಿದ. ಸುತ್ತ ಚುಚ್ಚಿದ ಹಸಿರು ರೆಂಬೆ ನೋಡಿದ.

ಆ ಸೀಮೆಯಲ್ಲಿ ಅಂಥ ರೆಂಬೆಯನ್ನು ಹಾಸುವುದು ಸಾವಿನ ಮನೆಯ ಮುಂದೆ.

"ಇಲ್ಲಿ ಯಾರನ್ನಪ್ಪಾ ಹೂಳಿದ್ದೀರಿ?" ಎಂದು ಕೇಳಿದ ಅಜ್ಜ.

ರಾಗ್ನಾ ಬಾಯಿ ಮುಚ್ಚಿಕೊಂಡು ನಕ್ಕಳು. ಐವಿಂದನ ಕಣ್ಣು ತುಂಬಿತು.

"ತಪ್ಪಾಯಿತು ಅಜ್ಜ. ಮುಚ್ಚುತ್ತೇನೆ ಅಂತ ಹೇಳಿ ಮುಚ್ಚಲಿಲ್ಲ."

"ಯಾಕೆ?"

"ನೀವು ಹೋಗುತ್ತೀರಿ. ಮಕ್ಕಳಿಗೆ ನಿಮ್ಮ ಹೆಸರೂ ಗೊತ್ತಿಲ್ಲ. ನಿಮ್ಮದು ಅಂತ ತೋರಿಸುವುದಕ್ಕೆ ನನ್ನ ಹತ್ತಿರ ಇದೊಂದೇ ಇತ್ತು."

ಅಜ್ಜ ಕೋಲನ್ನು ಹಿಮಕ್ಕೆ ಚುಚ್ಚಿ, ಸಲಿಕೆಗೆ ಕೈ ಹಾಕಿದ. ಕಲ್ಲಾದ ಅಂಚಿಗೆ ಒಂದು ಪೆಟ್ಟು ಕೊಟ್ಟ. ಎರಡನೆಯದಕ್ಕೆ ಮಂಡಿ ನಡುಗಿತು.

ಐವಿಂದ್ ಅವನ ಕೈಯಿಂದ ಸಲಿಕೆ ತೆಗೆದುಕೊಂಡ.

ಅಂಚು ಒಡೆಯಲು ಕೊಡಲಿ ಬೇಕಾಯಿತು. ಒಡೆದ, ತುಂಬಿದ, ತುಳಿದ. ರೆಂಬೆಗಳನ್ನು ಕಿತ್ತು ಪಕ್ಕಕ್ಕೆ ಹಾಕಿದ. ಇಳಿಜಾರು ಬೋಳಾಗಿ, ಹಿಟ್ಟು ಹರವಿದಂತೆ ಸಮವಾಯಿತು. ಹತ್ತು ಮಾರು ಎಂಬುದು ಎಲ್ಲಿತ್ತೋ ಈಗ ಅವನಿಗೇ ತಿಳಿಯದು. ಹಲಗೆ ಕಾಲಿಗೆ ಕಟ್ಟಿಕೊಂಡು ನಿಂತ.

"ಇನ್ನು ನಾನು ಎಲ್ಲಿ ನೋಡಿ ಹಾರಲಿ ಅಜ್ಜ?"

ಅಜ್ಜ ಕಷ್ಟಪಟ್ಟು ಬಗ್ಗಿದ. ಐವಿಂದನ ಹಿಮ್ಮಡಿಯ ಹಿಂದಿನ ಕುಣಿಕೆಗೆ ಬೆರಳು ತೂರಿಸಿ ಒಮ್ಮೆ ಜಗ್ಗಿದ.

"ಕಾಲು ಅಲುಗಿತಾ?"

"ಇಲ್ಲ."

"ಹಾಗಾದರೆ ಮೇಲೇಳಿಸು ನನ್ನ. ಗಂಜಿ ಆರುತ್ತದೆ."

ಐವಿಂದ್ ಹಲಗೆ ಬಿಚ್ಚಿಟ್ಟು, ಅಜ್ಜನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮನೆಗೆ ನಡೆದ. ದಾರಿಯುದ್ದಕ್ಕೂ ಅಜ್ಜ, "ನೀನು ಹಾರುವುದಕ್ಕಿಂತ ಹೊರುವುದೇ ಚೆನ್ನಾಗಿದೆ" ಎಂದು ರೇಗಿಸಿದ.

ಭಾನುವಾರ ಬಂತು.

ಜನ ಪ್ರಾರ್ಥನೆ ಮುಗಿಸಿಕೊಂಡು ನೇರ ದಿಬ್ಬಕ್ಕೆ ಬಂದರು. ಅಜ್ಜನನ್ನು ಕುರಿಚರ್ಮ ಹೊದಿಸಿ, ಹಿಮಬಂಡಿಯ ಮೇಲೆ ಕೂರಿಸಿ ತಂದಿದ್ದರು. ಅವನು ಮದುವೆ ಗಂಡಿನ ಹಾಗೆ ಕೂತಿದ್ದ.

ಐವಿಂದ್ ಮೇಲೆ ನಿಂತ. ಕೆಳಗೆ ನೋಡಿದ. ರೆಂಬೆಯಿಲ್ಲ, ಗುರುತಿಲ್ಲ. ಬಿಳಿ ಬಿಟ್ಟರೆ ಏನೂ ಇಲ್ಲ. ಹಿಮ್ಮಡಿ ಮಾತ್ರ ಬಿಗಿಯಾಗಿತ್ತು, ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ.

ಜಾರಿದ. ದಿಬ್ಬ ಬಂತು. ಹಾರಿದ.

ಇಳಿದ. ತೂರಾಡಿದ. ಒಂದು ಕೈ ಹಿಮವನ್ನು ಸವರಿತು.

ನಿಂತ.

ಮೂರು ಕಣಿವೆಯ ಜನ ಟೋಪಿ ಎಸೆದರು. ಒಬ್ಬ ಹೆಂಗಸು ತನ್ನ ಇಬ್ಬರು ಮಕ್ಕಳನ್ನು ಕೈಹಿಡಿದು ಅವನ ಕಡೆಗೇ ಎಳೆದು ತಂದಳು.

ಐವಿಂದ್ ಅವರಿಗೆ ಕೈಯೆತ್ತಿ, ಸ್ವಲ್ಪ ತಾಳಿ ಅಂದ. ಹಲಗೆ ತಿರುಗಿಸಿಕೊಂಡು ಅಡ್ಡಡ್ಡ ಹೆಜ್ಜೆ ಇಡುತ್ತ ಮತ್ತೆ ಮೇಲಕ್ಕೆ ಹತ್ತಿದ. ಸಲಿಕೆ ಹಿಡಿದ. ತಾನು ಇಳಿದಲ್ಲಿ ಬಿದ್ದ ಗುಂಡಿಗೆ ಹಿಮ ತುಂಬತೊಡಗಿದ.

ಪಕ್ಕದ ಕಣಿವೆಯಿಂದ ಬಂದ ಹಿರಿಯನೊಬ್ಬ ಅಜ್ಜನ ಬಂಡಿಯ ಹತ್ತಿರ ಬಂದ. ಅಳೆಯಲು ಹಗ್ಗ ತಂದಿದ್ದ.

"ತಾಲೆಫ್, ಹೋದ ವಾರ ನೀನೂ ಹಾರಿದೆಯಂತೆ. ಯಾರದು ಹೆಚ್ಚು ದೂರ, ನಿನ್ನದೋ ನಿನ್ನ ಶಿಷ್ಯನದೋ? ನೀನಿಳಿದ ಜಾಗ ಯಾವುದು?"

ಅಜ್ಜ ಇಳಿಜಾರನ್ನು ಮೇಲಿಂದ ಕೆಳಗಿನವರೆಗೆ ನಿಧಾನಕ್ಕೆ ನೋಡಿದ. ಐವಿಂದ್ ಕೊನೆಯ ಸಲ ತುಳಿದು, ಸಲಿಕೆ ಹೆಗಲಿಗೇರಿಸಿ ಪಕ್ಕಕ್ಕೆ ಸರಿದಿದ್ದ. ಮೇಲೆ, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡ ರಾಗ್ನಾ ಹಲಗೆ ಕಟ್ಟಿ ಕಾಯುತ್ತಿದ್ದಳು.

ಅಜ್ಜ ಕೋಲು ಮೇಲೆತ್ತಿದ.

"ಗುಂಡಿ ಮುಚ್ಚಿದೆ. ಹುಡುಗಿ ಬರಲಿ."